ಓದದೆ ಬಿಟ್ಟ ಸಾಲುಗಳು

ನ್ಯಾಮತಿಯ ಮಿಷನ್ ಹೆಣ್ಣುಮಕ್ಕಳ ಶಾಲೆಗೆ ನಾನು ಟೀಚರಾಗಿ ಸೇರಿದಾಗ ನನಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ನಮ್ಮದು ಬಹಳ ಸಣ್ಣ ಲೂಥರನ್ ಸಭೆ. ನ್ಯಾಮತಿಯಲ್ಲಿ ಹತ್ತು ಹನ್ನೆರಡು ಮನೆ, ಹೊನ್ನಾಳಿಯಲ್ಲಿ ಅದಕ್ಕಿಂತ ಕಡಿಮೆ, ಚನ್ನಗಿರಿಯಲ್ಲಿ ಇನ್ನೊಂದಿಷ್ಟು. ಹೆಚ್ಚಿನವರು ಕೂಲಿಯವರು. ಮೈಮೇಲೆ ಗಟ್ಟಿ ಸೀರೆ ಇದ್ದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಆದರೂ ಒಲೆ ಹಚ್ಚುವ ಮುಂಚೆ, ಅಡುಗೆಗೆಂದು ತೆಗೆದ ಜೋಳದಲ್ಲೋ ರಾಗಿಯಲ್ಲೋ ಒಂದು ಹಿಡಿಯನ್ನು ಬೇರೆ ಗಡಿಗೆಗೆ ಹಾಕಿಡುವುದನ್ನು ಯಾವ ಮನೆಯವರೂ ತಪ್ಪಿಸುತ್ತಿರಲಿಲ್ಲ. ಅದು ಮಿಷನ್ ಕೆಲಸದ ಕಾಳು. ಭಾನುವಾರ ಹೆಂಗಸರು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಚರ್ಚಿನ ಮುಂದಿನ ಬುಟ್ಟಿಗೆ ಸುರಿಯುತ್ತಿದ್ದರು.

ಅದರಲ್ಲಿ ಒಂದು ಪಾಲು ಆಫ್ರಿಕಾದ ಯಾವುದೋ ಶಾಲೆಗೆ ಹೋಗುತ್ತದೆಂದು ನಮ್ಮ ಸಭೆಯ ಪಾದ್ರಿ ಅಯ್ಯನವರು ಹೇಳುತ್ತಿದ್ದರು. ಒಮ್ಮೆ ಒಬ್ಬ ಮುದುಕಿ ಎದ್ದು ನಿಂತು, ಆ ಊರು ಬಳ್ಳಾರಿ ದಾಟಿದ ಮೇಲೆ ಬರುತ್ತದೋ ಮುಂಚೆಯೋ ಎಂದು ಕೇಳಿದಳು. ಸಮುದ್ರದಾಚೆ ಎಂದಾಗ ಅವಳು, ಹಾಗಾದರೆ ಅಲ್ಲಿನ ಮಕ್ಕಳಿಗೆ ಹುಳ ಹಿಡಿಯದ ಕಾಳು ಕೊಡಬೇಕು ಎಂದು ಮನೆಗೆ ಹೋಗಿ ಬೇರೆ ತಂದಳು.

ಉಳಿದ ಕಾಳೆಲ್ಲ ಸೊಕ್ಕೆಗೆ. ಸೊಕ್ಕೆಯಲ್ಲಿ ನನ್ನ ಅಕ್ಕ ಇದ್ದಳು.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ನನ್ನನ್ನು ಹೆತ್ತ ವಾರದಲ್ಲೇ ಅವ್ವ ತೀರಿಕೊಂಡಿದ್ದರಿಂದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಅವಳ ಗಂಡ ಚನ್ನಗಿರಿಯಲ್ಲಿ ಉಪದೇಶಿಯಾಗಿದ್ದರು. ಉಬ್ರಾಣಿ ಕಡೆಯ ಹಳ್ಳಿಗಳಿಗೆ ಹೋದವರು ಚಳಿಜ್ವರ ಹತ್ತಿಸಿಕೊಂಡು ಬಂದು ಮಲಗಿದರು, ಮತ್ತೆ ಏಳಲಿಲ್ಲ. ಮದುವೆಯಾಗಿ ಎರಡು ವರ್ಷವೂ ಆಗಿರಲಿಲ್ಲ. ಹೊನ್ನಾಳಿಯಲ್ಲಿ ಮಿಷನ್ ದವಾಖಾನೆ ನಡೆಸುತ್ತಿದ್ದ ಜರ್ಮನಿಯ ನರ್ಸಮ್ಮನವರು ಆಗ ಅಕ್ಕನನ್ನು ತಮ್ಮ ಹತ್ತಿರ ಇಟ್ಟುಕೊಂಡು ಗಾಯ ತೊಳೆಯುವುದು, ಹೆರಿಗೆ ಮಾಡಿಸುವುದು, ಔಷಧ ಅಳೆಯುವುದು ಎಲ್ಲ ಕಲಿಸಿದರು. ಊರವರೆಲ್ಲ ಅವರನ್ನು ದೊರೆಸಾನಿ ಎನ್ನುತ್ತಿದ್ದರು. ಅವರ ಕನ್ನಡ ಪುಸ್ತಕದ ಕನ್ನಡ. ಬೈಯುವಾಗಲೂ ವ್ಯಾಕರಣ ತಪ್ಪುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ದೊರೆಸಾನಿ ಮತ್ತು ಅಕ್ಕ ಜಗಳೂರು ಸೀಮೆಗೆ ಹೋದರು. ಅಲ್ಲಿ ಮೆಟ್ಟಿಲುಬಾವಿಯ ನೀರು ಕುಡಿದು ಜನರಿಗೆ ನಾರುಹುಣ್ಣು ಆಗುತ್ತಿತ್ತು. ಕಾಲಿನಿಂದ ದಾರದಂಥ ಹುಳ ಹೊರಬರುವವರೆಗೆ ತಿಂಗಳುಗಟ್ಟಲೆ ನರಳಬೇಕು. ಹದಿನೈದು ದಿನಕ್ಕೆಂದು ಹೋದ ಅಕ್ಕ ಸೊಕ್ಕೆಯಲ್ಲೇ ಉಳಿದಳು. ಊರ ಹೊರಗೆ ಒಂದು ಕೋಣೆ, ಮುಂದೆ ಒಂದು ಚಪ್ಪರ, ಅದೇ ದವಾಖಾನೆ. ಬ್ಯಾಂಡೇಜ್ ಬಟ್ಟೆ ಮಾತ್ರ ಜರ್ಮನಿಯಿಂದ ಬರುತ್ತಿತ್ತು. ದೊರೆಸಾನಿಯವರ ಊರಿನ ಚರ್ಚಿನ ಹೆಂಗಸರು ಹಳೆಯ ಹಾಸಿಗೆ ಬಟ್ಟೆಗಳನ್ನು ಹರಿದು, ಸುರುಳಿ ಸುತ್ತಿ, ವರ್ಷಕ್ಕೊಂದು ಪೆಟ್ಟಿಗೆ ಕಳಿಸುತ್ತಿದ್ದರು. ಪೆಟ್ಟಿಗೆ ತೆರೆದರೆ ಯಾವುದೋ ಸಾಬೂನಿನ ಪರಿಮಳ ಕೋಣೆಯೆಲ್ಲ ಹರಡುತ್ತಿತ್ತು.

ಅಷ್ಟರಲ್ಲಿ ಬ್ರಿಟಿಷರಿಗೂ ಜರ್ಮನಿಗೂ ಯುದ್ಧ ಶುರುವಾಯಿತು. ಪೊಲೀಸ್ ಇನ್‌ಸ್ಪೆಕ್ಟರು ಹೊನ್ನಾಳಿಯ ಬಂಗಲೆಗೆ ಬಂದು, ದೊರೆಸಾನಿ ಶತ್ರು ದೇಶದವರಾದ್ದರಿಂದ ಕ್ಯಾಂಪಿಗೆ ಕರೆದುಕೊಂಡು ಹೋಗಬೇಕಾಗಿದೆ ಎಂದು ಮರ್ಯಾದೆಯಿಂದಲೇ ಹೇಳಿದರು. ಆ ಇನ್‌ಸ್ಪೆಕ್ಟರ ಹೆಂಡತಿಯ ಹೆರಿಗೆ ಮಾಡಿಸಿದವರೂ ದೊರೆಸಾನಿಯೇ. ಸುದ್ದಿ ತಿಳಿದು ಅಕ್ಕ ಸೊಕ್ಕೆಯಿಂದ ಬಂದಳು, ನಾನು ನ್ಯಾಮತಿಯಿಂದ ಹೋದೆ. ದೊರೆಸಾನಿ ಔಷಧದ ಬೀರುವಿನ ಬೀಗದ ಕೈಯನ್ನು ಅಕ್ಕನ ಕೈಗಿಟ್ಟು, ಅವಳ ಎರಡು ಕೆನ್ನೆಗಳನ್ನೂ ಹಿಡಿದುಕೊಂಡು ನಿಂತರು. ಎಲ್ಲಿಗೆ ಹೋಗುತ್ತಿದ್ದೇನೆಂದು ಅವರಿಗೂ ಗೊತ್ತಿರಲಿಲ್ಲ. ಬಸ್ಸು ಹೊರಟ ಮೇಲೆ ಅಕ್ಕ ನದಿಯ ದಂಡೆಯಲ್ಲಿ ಕೂತು ಅತ್ತಳು. ಗಂಡ ತೀರಿಕೊಂಡಾಗ ಬಿಟ್ಟರೆ ನಾನು ಅವಳ ಅಳು ನೋಡಿದ್ದು ಅದೊಂದೇ ಸಲ.

ಬೀಗ ಹಾಕಿದ ಬಂಗಲೆಯ ಮುಂದೆಯೇ ಕೆಲವು ದಿನಗಳ ನಂತರ ಹಿರಿಯರ ಸಭೆ ಸೇರಿತು. ಹೊರದೇಶದ ನೆರವು ನಿಂತಿದೆ, ಆದ್ದರಿಂದ ಸೊಕ್ಕೆಯ ಕೆಲಸವನ್ನೂ ನಿಲ್ಲಿಸೋಣ ಎಂದು ಮಾತಾಯಿತು. ಗಂಡಸರ ನಡುವೆ ಎಂದೂ ಬಾಯಿ ತೆರೆಯದ ನಾನು ಅಂದು ಎದ್ದು ನಿಂತೆ. ಜರ್ಮನಿಯ ಹೆಂಗಸರು ಇಷ್ಟು ವರ್ಷ ಮಾಡಿದ್ದನ್ನು ನಾವು ಮಾಡುತ್ತೇವೆ, ಸೊಕ್ಕೆಯನ್ನು ನಾವು ಸಾಕುತ್ತೇವೆ ಎಂದೆ. ಹೆಂಗಸರೆಲ್ಲ ಹೂಂ ಎಂದರು. ಅಯ್ಯನವರ ಕಣ್ಣು ತುಂಬಿತು. ಅಂದು ನನ್ನಲ್ಲಿ ಹುಟ್ಟಿದ ಹೆಮ್ಮೆಯನ್ನು ಇಂದು ನೆನೆದರೆ ಮೈ ಮುದುಡುತ್ತದೆ. ಸೊಕ್ಕೆಯಲ್ಲಿ ಇರಬೇಕಾದವಳನ್ನು ನಾನು ಒಂದು ಮಾತೂ ಕೇಳಿರಲಿಲ್ಲ.

ಮಾತನ್ನಂತೂ ನಡೆಸಿದೆವು. ಒಂದು ಹಿಡಿಯ ಬದಲು ಎರಡು ಹಿಡಿ ಕಾಳು ಗಡಿಗೆಗೆ ಬೀಳತೊಡಗಿತು. ಬ್ಯಾಂಡೇಜಿಗೆ ನಮ್ಮ ಹಳೆಯ ಸೀರೆಗಳನ್ನೇ ಹರಿದು, ಹಂಡೆಯಲ್ಲಿ ಕುದಿಸಿ ಒಣಗಿಸಿದೆವು. ಒಯ್ಯುವುದಕ್ಕೆ ಚನ್ನಗಿರಿಯ ಒಬ್ಬ ಮುಸ್ಲಿಂ ಸಾಹೇಬರು ಸಿಕ್ಕರು. ತೊಗಲಿನ ವ್ಯಾಪಾರ ಅವರದು. ಕುರಿ ತೊಗಲಿಗೆಂದು ಬಿಳಿಚೋಡಿನ ಕಡೆ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು. ಅವರ ಹೆಂಡತಿಯ ಕಷ್ಟದ ಹೆರಿಗೆಯನ್ನು ಹಿಂದೆ ಅಕ್ಕನೇ ಮಾಡಿಸಿದ್ದಳು. ಹೋಗುವಾಗ ನಮ್ಮ ಮೂಟೆಗಳನ್ನು ಹೇರಿಕೊಂಡು, ಬಿಳಿಚೋಡಿನಿಂದ ಸೊಕ್ಕೆಯವರೆಗೂ ಹೋಗಿ ಇಳಿಸಿ, ಬರುವಾಗ ಅಕ್ಕನ ಕಾಗದ ತರುತ್ತಿದ್ದರು.

ಆ ಕಾಗದಗಳನ್ನು ನಾನು ಸ್ತ್ರೀಯರ ಕೂಟದಲ್ಲಿ ಓದುತ್ತಿದ್ದೆ. ಯಾವ ಮುದುಕನ ಕಾಲಿನ ಹುಳ ಮುರಿಯದೆ ಹೊರಬಂತು, ಯಾವ ಕುರಿಗಾಹಿಯ ಹೆಂಡತಿ ಅವಳಿ ಹೆತ್ತಳು, ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಯಾವ ಮನೆಯವರು ಒಪ್ಪಿದರು, ಎಲ್ಲ ಅವುಗಳಲ್ಲಿ ಇರುತ್ತಿತ್ತು. ಓದುವಾಗ ನನ್ನ ದನಿ ಏರುತ್ತಿತ್ತು. ಕೇಳುವವರು ನಾನೇ ಹುಣ್ಣು ತೊಳೆದವಳೆಂಬಂತೆ ನನ್ನನ್ನು ನೋಡುತ್ತಿದ್ದರು.

ಯುದ್ಧದ ಮೂರನೆಯ ವರ್ಷವಿರಬೇಕು. ದಸರೆಯ ರಜೆಯಲ್ಲಿ ಮೂರು ಊರಿನ ಸಭೆಗಳೂ ಹೊನ್ನಾಳಿಯಲ್ಲಿ ಸೇರಿ ಮಿಷನ್ ಹಬ್ಬ ಮಾಡುವುದೆಂದು ನಿಶ್ಚಯವಾಗಿತ್ತು. ಸೊಕ್ಕೆಯ ಕೆಲಸದ ಬಗ್ಗೆ ನಾನು ಮಾತಾಡಬೇಕಿತ್ತು. ಹಬ್ಬಕ್ಕೆ ಮೂರು ವಾರ ಇರುವಾಗ ಸಾಹೇಬರು ಕಾಗದ ತಂದುಕೊಟ್ಟರು. ಎಂದಿನ ಸುದ್ದಿಗಳಾದ ಮೇಲೆ, ಕೊನೆಯಲ್ಲಿ ಅಕ್ಕ ಬರೆದಿದ್ದಳು: "ಜ್ವರ ಬಿಟ್ಟು ಬಿಟ್ಟು ಬರ್ತಾ ಐತೆ. ನಿಂತ್ರೆ ಕಾಲು ನಡುಗ್ತಾವೆ. ಒಂದು ತಿಂಗಳು ನಿನ್ನತ್ರ ಬಂದು ಮಲಗಿ, ಸುಧಾರಿಸ್ಕೊಂಡು ಹೋಗ್ತೀನಿ. ಬರಲಾ?"

ನನ್ನನ್ನು ಎತ್ತಿ ಆಡಿಸಿದವಳು ನನ್ನ ಮನೆಗೆ ಬರಲು ನನ್ನ ಅಪ್ಪಣೆ ಕೇಳಿದ್ದಳು. ಅದು ಆಗ ನನ್ನ ಮನಸ್ಸಿಗೆ ತಟ್ಟಲಿಲ್ಲ. ನನಗೆ ಬಂದ ಯೋಚನೆಯೇ ಬೇರೆ. ಹಬ್ಬದ ಹೊತ್ತಿಗೆ ಅಕ್ಕ ಸೊಕ್ಕೆ ಬಿಟ್ಟು ಬಂದಿದ್ದರೆ ಹಿರಿಯರು ಬೀಗ ಹಾಕಲು ಅದೇ ನೆಪವಾಗುತ್ತದೆ. ನಾನು ಎದ್ದು ನಿಂತು ಏನೆಂದು ಹೇಳಲಿ? ಅಕ್ಕನಿಗೆ ಕ್ವಿನೈನ್ ಕಳಿಸಿ, ಜೊತೆಗೆ ಕಾಗದ ಬರೆದೆ. ಹಬ್ಬ ಮುಗಿಯುವವರೆಗೆ ತಡೆದುಕೋ, ಆಮೇಲೆ ನಾನೇ ಬಂದು ಕರೆದುಕೊಂಡು ಬರುತ್ತೇನೆ, ಇಷ್ಟು ದಿನ ನಡೆಸಿದ್ದು ಈಗ ಕೈಬಿಟ್ಟರೆ ಎಲ್ಲ ಹೋಗುತ್ತದೆ ಎಂದು ಬರೆದೆ.

ಹಬ್ಬಕ್ಕೆ ಜನ ಚೆನ್ನಾಗಿ ಸೇರಿದ್ದರು. ಕೀರ್ತನೆಗಳಾದವು. ನನ್ನ ಸರದಿ ಬಂದಾಗ ಅಕ್ಕನ ಅದೇ ಕಾಗದವನ್ನು ಬಿಡಿಸಿ ಓದಿದೆ. ಕೊನೆಯ ಸಾಲುಗಳಿಗೆ ಬಂದಾಗ ಕ್ಷಣ ಕೂಡ ತಡವರಿಸದೆ ಕಾಗದ ಮಡಚಿದೆ. ಹೆಂಗಸರು ಕಣ್ಣೊರೆಸಿಕೊಂಡರು. ಒಬ್ಬಳು ಕಿವಿಯ ಓಲೆಯನ್ನೇ ಬಿಚ್ಚಿ ತಟ್ಟೆಗೆ ಹಾಕಿದಳು. ಸೊಕ್ಕೆಯ ಕೆಲಸ ಮುಂದುವರಿಯಲಿ ಎಂದು ಹಿರಿಯರೂ ಒಪ್ಪಿದರು. ನಾನು ಗೆದ್ದವಳಂತೆ ನ್ಯಾಮತಿಗೆ ಬಂದೆ. ಹಬ್ಬದ ಲೆಕ್ಕ ಒಪ್ಪಿಸುವುದರಲ್ಲಿ ನಾಲ್ಕು ದಿನ ಹೋಯಿತು. ಐದನೆಯ ದಿನ ಸೊಕ್ಕೆಗೆ ಹೊರಡಬೇಕೆಂದು ಬಟ್ಟೆ ಮಡಚುತ್ತಿದ್ದೆ. ಬಾಗಿಲಲ್ಲಿ ಸಾಹೇಬರು ಬಂದು ನಿಂತರು. ಟೊಪ್ಪಿ ಕೈಯಲ್ಲಿತ್ತು. ಮೂಟೆ ಕೇಳಲು ಬಂದವರು ಹಾಗೆ ನಿಲ್ಲುವವರಲ್ಲ.

"ಒಳಗೆ ಬರ್ರಿ ಸಾಹೇಬ್ರೆ" ಎಂದೆ.

ಅವರು ಬರಲಿಲ್ಲ. "ಟೀಚರಮ್ಮಾ, ನಾನು ಸೊಕ್ಕೆಯಿಂದ ನೆಟ್ಟಗೆ ಇಲ್ಲಿಗೇ ಬಂದೀನಿ. ಮನೆಗೂ ಹೋಗಿಲ್ಲ. ನಿಮ್ಮಕ್ಕಾವ್ರು ಹೋಗಿಬಿಟ್ರು" ಎಂದರು.

ಅವರು ನೆಲ ನೋಡುತ್ತಾ ನಿಧಾನವಾಗಿ ಹೇಳಿದರು. ಜ್ವರ ಚಳಿಜ್ವರವಾಗಿರಲಿಲ್ಲ, ವಿಷಮಶೀತ ಜ್ವರ. ಅದನ್ನು ಮೈಯಲ್ಲಿಟ್ಟುಕೊಂಡೇ ಅಕ್ಕ ಹತ್ತು ದಿನ ಜನರ ಹುಣ್ಣು ತೊಳೆದಿದ್ದಳು. ಬಿದ್ದ ಮೇಲೆ ಊರವರೇ ಸರದಿಯಂತೆ ಕಾದರು. ಭಾನುವಾರ, ಹೊನ್ನಾಳಿಯಲ್ಲಿ ನಾವು ಕೀರ್ತನೆ ಹಾಡುತ್ತಿದ್ದ ಹೊತ್ತಿಗೇ, ಪ್ರಾಣ ಹೋಗಿತ್ತು. ದೇಹವನ್ನು ಹೆಚ್ಚು ಹೊತ್ತು ಇಡುವಂತಿರಲಿಲ್ಲ, ಅಲ್ಲೇ ಮಣ್ಣು ಮಾಡಿದ್ದರು.

ನನ್ನ ಕಾಗದ ಅವಳಿಗೆ ಸೇರಿತ್ತೇ ಎಂದು ಕೇಳಿದೆ. ಸೇರದಿರಲಿ ಎಂದು ಬೇಡಿಕೊಳ್ಳುತ್ತಲೇ ಕೇಳಿದೆ.

"ನಾನೇ ಕೈಯಾಗೆ ಕೊಟ್ಟೆ. ಓದಿದ್ರು. ನನ್ನ ಜೊತೆ ಗಾಡಿಯಾಗೆ ಬರಾಕೆ ಗಂಟು ಕಟ್ಟಿ ಇಟ್ಟಿದ್ರು, ಅದನ್ನ ಬಿಚ್ಚಿದ್ರು. ನನ್ನ ತಂಗಿ ಹೇಳೋದು ಸರಿ ಐತೆ ಸಾಹೇಬ್ರೆ, ಹಬ್ಬ ಮುಗೀಲಿ ಅಂದ್ರು."

ಸಾಹೇಬರ ಗಾಡಿಯಲ್ಲೇ ನಾನು ಸೊಕ್ಕೆಗೆ ಹೋದೆ. ಅಕ್ಕನ ಕೋಣೆಯಲ್ಲಿ ಒಂದು ಚಾಪೆ, ಎರಡು ಬಿಳಿ ಸೀರೆ, ಔಷಧದ ಶೀಸೆಗಳು. ನಾವು ಕಳಿಸಿದ ಕಾಳಿನ ಮೂಟೆಗಳಲ್ಲಿ ಒಂದು ಬಿಚ್ಚಿತ್ತು. ಅದರಲ್ಲಿ ಅವಳು ಉಂಡದ್ದಕ್ಕಿಂತ ಗಂಜಿ ಕಾಯಿಸಿ ಕೊಟ್ಟದ್ದೇ ಹೆಚ್ಚು ಎಂದು ಊರ ಹೆಂಗಸೊಬ್ಬಳು ಹೇಳಿದಳು. ಆ ಹೆಂಗಸಿನ ಕಾಲಿಗೆ ನಮ್ಮ ಹಳೆಯ ಸೀರೆಯ ಪಟ್ಟಿ ಸುತ್ತಿತ್ತು. ಪಟ್ಟಿ ಬದಲಿಸುವವರು ಇಲ್ಲದೆ ಅದು ಕರಿಯಾಗಿತ್ತು. ನಾನು ನೀರು ಕಾಯಿಸಿ ಅದನ್ನು ಬಿಚ್ಚಿ ತೊಳೆದೆ. ವಾಸನೆಗೆ ಎರಡು ಸಲ ಹೊರಗೆ ಓಡಿ ವಾಂತಿ ಮಾಡಿಕೊಂಡೆ. ಇದನ್ನು ಅಕ್ಕ ಏಳು ವರ್ಷ ಮಾಡಿದ್ದಳು. ನಾನು ಅದನ್ನು ಏರಿದ ದನಿಯಲ್ಲಿ ಓದುತ್ತಿದ್ದೆ.

ನ್ಯಾಮತಿಯಲ್ಲಿ ಎಲ್ಲರೂ ನನ್ನನ್ನು ಹಿಡಿದು ಅತ್ತರು. ಅಕ್ಕನ ತ್ಯಾಗದ ಬಗ್ಗೆ ಅಯ್ಯನವರು ಬೋಧಿಸಿದರು. ಓದದೆ ಬಿಟ್ಟ ಸಾಲುಗಳ ಮಾತನ್ನು ನಾನು ಯಾರಿಗೂ ಹೇಳಲಿಲ್ಲ. ಕಾಳು ಎತ್ತುವುದು ನಿಲ್ಲಲಿಲ್ಲ, ಬೇರೊಬ್ಬ ನರ್ಸಮ್ಮ ಸಿಗುವವರೆಗೆ ಸೊಕ್ಕೆಯ ಕೋಣೆ ಮಾತ್ರ ಮುಚ್ಚಿತ್ತು. ಕೂಟದಲ್ಲಿ ಕಾಗದ ಓದುವುದನ್ನು ನಾನು ಬೇರೆಯವರಿಗೆ ಬಿಟ್ಟುಕೊಟ್ಟೆ. ನನ್ನ ದುಃಖ ಇನ್ನೂ ಆರಿಲ್ಲ ಎಂದು ಹೆಂಗಸರು ಅಂದುಕೊಂಡರು.

ಯುದ್ಧ ಮುಗಿದು ವರ್ಷವಾದ ಮೇಲೆ ಸ್ವೀಡನ್ನಿನ ಒಬ್ಬ ಮಿಷನರಿಯ ಮೂಲಕ ದೊರೆಸಾನಿಯವರ ಕಾಗದ ಬಂತು. ಕ್ಯಾಂಪಿನಿಂದ ಅವರನ್ನು ಜರ್ಮನಿಗೆ ಕಳಿಸಿದ್ದರು. ಅವರ ಊರಿನ ಚರ್ಚು ಬಾಂಬಿಗೆ ಬಿದ್ದಿತ್ತು. ಬ್ಯಾಂಡೇಜ್ ಸುತ್ತುತ್ತಿದ್ದ ಹೆಂಗಸರಲ್ಲಿ ಹಲವರು ತೀರಿಕೊಂಡಿದ್ದರು, ಉಳಿದವರು ಚಳಿಯಲ್ಲಿ ಹೊದೆಯಲು ಬಟ್ಟೆಯಿಲ್ಲದೆ ನೆಲಮಾಳಿಗೆಗಳಲ್ಲಿದ್ದರು. ಇಷ್ಟನ್ನು ಬರೆದು ಅವರು ಕೇಳಿದ್ದು ಅಕ್ಕನ ಬಗ್ಗೆ. ಹೇಗಿದ್ದಾಳೆ, ಸೊಕ್ಕೆಯಲ್ಲೇ ಇದ್ದಾಳೆಯೇ ಎಂದು.

ಕಾಗದ ಕೇಳಿ ನಮ್ಮ ಹೆಂಗಸರು ಕೌದಿ ಹೊಲಿಯಲು ಕೂತರು. ನಾಲ್ಕು ಪದರ ಹಳೆಯ ಬಟ್ಟೆ ಸೇರಿಸಿದ ದಪ್ಪ ಕೌದಿಗಳು. ಚನ್ನಗಿರಿಯ ಸಾಹೇಬರು ತಮ್ಮ ಮನೆಯಿಂದಲೂ ಒಂದು ಗಂಟು ಬಟ್ಟೆ ತಂದುಕೊಟ್ಟರು. ಸ್ವೀಡನ್ನಿನವರು ಊರಿಗೆ ಹೊರಟಾಗ ಆ ಕೌದಿಗಳ ಜೊತೆ ನನ್ನ ಕಾಗದವೂ ಹೋಯಿತು. ಅದರಲ್ಲಿ ನಡೆದದ್ದನ್ನೆಲ್ಲ ಬರೆದಿದ್ದೆ. ಓದದೆ ಮಡಚಿದ ಸಾಲುಗಳನ್ನು ಅಕ್ಷರ ಬಿಡದೆ ಬರೆದಿದ್ದೆ.

ಉತ್ತರ ಬರಲು ಎಂಟು ತಿಂಗಳಾಯಿತು. ದೊರೆಸಾನಿ ನನ್ನನ್ನು ಕ್ಷಮಿಸಿದ್ದೇನೆ ಎಂದೂ ಬರೆದಿರಲಿಲ್ಲ, ತಪ್ಪು ನಿನ್ನದಲ್ಲ ಎಂದೂ ಬರೆದಿರಲಿಲ್ಲ. "ಯುದ್ಧಕ್ಕೆ ಮುಂಚಿನ ವರ್ಷ ನಿಮ್ಮ ಅಕ್ಕ ದಣಿದಿದ್ದೇನೆಂದು ನನ್ನಲ್ಲಿ ರಜೆ ಕೇಳಿದ್ದಳು. ನನ್ನ ಊರಿನವರಿಗೆ ವರದಿ ಕಳುಹಿಸಬೇಕಾಗಿತ್ತು. ಸ್ವಲ್ಪ ಕಾಯು ಎಂದು ನಾನೂ ಹೇಳಿದೆನು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ" ಎಂದು ಬರೆದಿದ್ದರು.

ಆ ಭಾನುವಾರ ಆರಾಧನೆ ಮುಗಿದ ಮೇಲೆ ಹೆಂಗಸರನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಹಬ್ಬದ ದಿನ ಓಲೆ ಬಿಚ್ಚಿ ಕೊಟ್ಟವಳು ಎದ್ದು ಹೊರಗೆ ಹೋದಳು. ಅವಳು ಮುಂದೆ ಎಷ್ಟೋ ವರ್ಷ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ನನಗೆ ಅದು ನ್ಯಾಯವೆನಿಸಿತು. ಉಳಿದವರು ಎದ್ದು ಹೋಗಲಿಲ್ಲ, ಆದರೆ ಸಮಾಧಾನವನ್ನೂ ಹೇಳಲಿಲ್ಲ. ಕೊನೆಗೆ ಒಬ್ಬ ವಯಸ್ಸಾದಾಕೆ, ಇನ್ನು ಮೇಲೆ ಸೊಕ್ಕೆಯಲ್ಲಿ ಇರುವವಳು ಕೇಳಲಿ ಬಿಡಲಿ, ವರ್ಷಕ್ಕೆ ಎರಡು ಸಲ ಯಾರಾದರೂ ಹೋಗಿ ಕರೆದುಕೊಂಡು ಬರಬೇಕು ಎಂದಳು. ಎಲ್ಲರೂ ಒಪ್ಪಿದರು.

ಮರುವರ್ಷ ಸೊಕ್ಕೆಗೆ ಹೊಸ ನರ್ಸಮ್ಮ ಬಂದಳು. ಮಳೆ ಹಿಡಿದ ಮೇಲೆ ನಾನೇ ಹೋಗಿ ಅವಳನ್ನು ಕರೆದುಕೊಂಡು ಬಂದೆ. ಕೆಲಸ ಬಿಟ್ಟು ಬರಲಾರೆ ಎಂದು ಹುಡುಗಿ ತಕರಾರು ಮಾಡಿದಳು, ನಾನು ಕೇಳಲಿಲ್ಲ. ನ್ಯಾಮತಿಗೆ ಬಂದ ಮೊದಲ ದಿನ ಎಣ್ಣೆ ಹಚ್ಚಿ ನೀರು ಹಾಕಿದೆ. ಬಿಸಿ ಅನ್ನ ಉಂಡು ಚಾಪೆಯ ಮೇಲೆ ಒರಗಿದವಳು ಅಲ್ಲೇ ನಿದ್ದೆ ಹೋದಳು. ಮಧ್ಯಾಹ್ನ ಕಳೆದು ಸಂಜೆಯಾಯಿತು. ಕೂಟದ ಹೆಂಗಸರು ಅವಳ ಬಾಯಿಂದಲೇ ಸೊಕ್ಕೆಯ ಸುದ್ದಿ ಕೇಳಬೇಕೆಂದು ಬಂದು ಅಂಗಳದಲ್ಲಿ ನಿಂತಿದ್ದರು. ಮಲಗಿದ್ದಾಳೆ, ನಾಳೆ ಬನ್ನಿ ಎಂದು ಅವರನ್ನು ಕಳಿಸಿದೆ.