ಮೈದಾನಕ್ಕಾಗಿ ಓದಿದ ಗೆಜೆಟ್

ಆಗೆಲ್ಲ ವಿಕ್ರೋಳಿಯ ನಮ್ಮ ಚಾಳಿನಲ್ಲಿ ಮೇ ತಿಂಗಳೆಂದರೆ ಲಗೋರಿ, ಉಪ್ಪು ಖಾರ ಸವರಿದ ಮಾವಿನಕಾಯಿ, ಮೊಣಕಾಲಿಗೆಲ್ಲ ಮೈದಾನದ ಧೂಳು. ಆ ವರ್ಷ ಮಾತ್ರ ಆಟ ಅರ್ಧಕ್ಕೇ ನಿಂತಿತು.

"ಮೈದಾನ ಬಿಲ್ಡರಿಗೆ ಹೋಯ್ತು ಮಕ್ಕಳೇ, ಇನ್ನು ಬೇರೆ ಕಡೆ ನೋಡಿ," ಎಂದರು ಕೆಳಗಿನ ಮನೆಯ ಮಾಧವಣ್ಣ.

"ಯಾರು ಹೇಳಿದ್ದು?"

"ಎಲ್ಲರೂ ಹೇಳ್ತಾರೆ."

ನಾನಾಗ ಏಳನೇ ಕ್ಲಾಸು, ಶಾಲೆಯ ಡಿಬೇಟ್ ತಂಡದಲ್ಲಿದ್ದೆ. 'ಎಲ್ಲರೂ' ಎನ್ನುವುದು ಪುರಾವೆಯಲ್ಲ ಎಂದು ಟೀಚರ್ ನಮ್ಮ ತಲೆಗೆ ತುಂಬಿದ್ದರು. ನಿಜವೇನೆಂದು ನೋಡಲೇಬೇಕೆಂದು ಮನೆಯಲ್ಲಿ ರಗಳೆ ಶುರುಮಾಡಿದೆ.

ಅಪ್ಪ ಕೋರ್ಟು ಕಚೇರಿಗಳಿದ್ದ ಫೋರ್ಟ್ ಪ್ರದೇಶದ ಉಡುಪಿ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದರು. ಊಟದ ಗದ್ದಲ ಮುಗಿದು ಸಂಜೆಯ ಟಿಫಿನ್ ಶುರುವಾಗುವ ತನಕ ಅಲ್ಲಿ ಎಲ್ಲರೂ ನಿದ್ದೆ ತೆಗೆಯುವ ಹೊತ್ತು. ಒಂದು ದಿನ ಆ ನಿದ್ದೆ ಬಿಟ್ಟು ನನ್ನನ್ನು ಹತ್ತಿರದ ಸಾರ್ವಜನಿಕ ಲೈಬ್ರರಿಗೆ ಕರೆದೊಯ್ದರು. ಸರಕಾರಿ ಪ್ರಕಟಣೆಗಳಿರುವ ಗೆಜೆಟನ್ನು ಅಲ್ಲಿ ಯಾರು ಬೇಕಾದರೂ ಕೂತು ಓದಬಹುದಿತ್ತು.

ನುಸಿಗುಳಿಗೆ ವಾಸನೆಯ ಗೆಜೆಟ್ ಕಟ್ಟು ಮೇಜಿಗೆ ಬಂತು. ಎಲ್ಲ ಮರಾಠಿ. ಕೋರ್ಟು ಕಚೇರಿಯ ಗಿರಾಕಿಗಳಿಂದ ಕೇಳಿ ಕಲಿತ ಅಪ್ಪನಿಗೆ ಆ ಭಾಷೆ ಗೊತ್ತು, ಅಕ್ಷರ ಬಾರದು. ನನಗೆ ಅಕ್ಷರ ಬರುತ್ತಿತ್ತು, ಸರಕಾರದ ಮಾತು ತಲೆಗೆ ಹತ್ತುತ್ತಿರಲಿಲ್ಲ. ನಾನು ಪಿಸುಗುಟ್ಟಿ ಓದಿದೆ, ಅಪ್ಪ ಪಿಸುಗುಟ್ಟಿ ಅರ್ಥ ಹೇಳಿದರು. ಅವರ ಅಂಗಿಯಿಂದ ಸಾಂಬಾರಿನ ಘಮ.

ಮೈದಾನ ಹೋಗಿರಲಿಲ್ಲ! ಅಲ್ಲಿ ಕಟ್ಟಡ ಬರಲಿ ಎಂಬುದಿನ್ನೂ ಕರಡು ಯೋಜನೆ. ಅದಕ್ಕೆ ಯಾರಾದರೂ 'ಹರಕತಿ' ಸಲ್ಲಿಸಬಹುದಿತ್ತು.

"ಹರಕತಿ ಅಂದ್ರೆ ಎಂತ ಅಪ್ಪ?"

"ತಕರಾರು. ಅದನ್ನೂ ನಿನಗೆ ಕಲಿಸ್ಬೇಕಾ ಮಾರಾಯ್ತಿ?"

"ಮಕ್ಕಳು ಬರೀಬಹುದಾ?"

"ಬರೀಬಾರ್ದು ಅಂತ ಉಂಟಾ? ಸರಿಯಾಗಿ ನೋಡು."

ಇರಲಿಲ್ಲ. ಮಕ್ಕಳೆಲ್ಲ ಸೇರಿ ಬರೆದೆವು. ಮಾಧವಣ್ಣನೂ ಗೊಣಗುತ್ತಲೇ ಸಹಿ ಹಾಕಿದರು. ಮೈದಾನ ಉಳಿಯಿತು. ನಮ್ಮ ಕಾಗದದಿಂದಲೇ ಉಳಿಯಿತು ಎಂದು ವಾದಿಸಲಾರೆ.

ಈಗ ಗೆಜೆಟ್ ಫೋನಿನಲ್ಲೇ ಸಿಗುತ್ತದೆ. ಹಿಂದಿನದೇ ಚೆನ್ನಾಗಿತ್ತೆಂಬ ಹಳಹಳಿಕೆ ನನಗೊಪ್ಪದು. ಯಾರ ಅಪ್ಪನೂ ನಿದ್ದೆಗೆಡಬೇಕಿಲ್ಲ, ಒಳ್ಳೆಯದೇ. ಆದರೆ ಮೊನ್ನೆ ಮೈದಾನದ ತುಂಬ ಕಾರು ನಿಂತದ್ದು ಕಂಡು, ಆ ಜಾಗ ಆಟಕ್ಕೆ ಮೀಸಲೆಂಬ ಗೆಜೆಟ್ ಪುಟವನ್ನು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದೆ. ಚಾಳು ಹೋಗಿ ಈಗ ಬಿಲ್ಡಿಂಗ್ ಆಗಿದೆ, ಗುಂಪೂ ದೊಡ್ಡದು. ಸಾಲಾಗಿ ಹೆಬ್ಬೆರಳುಗಳು ಬಂದವು. ಕಾರು ತೆಗೆಸೋಣವೆಂದು ಯಾರೂ ಕೆಳಗಿಳಿದು ಬರಲಿಲ್ಲ.

ಅಂದು ಒಂದು ಪುಟ ಓದುವುದಕ್ಕೇ ಇಬ್ಬರು ಬೇಕಾಗಿತ್ತು. ಓದಿ ಮುಗಿಯುವಾಗ ತಕರಾರಿಗೆ ಆಗಲೇ ಇಬ್ಬರಿದ್ದೆವು.