ಎತ್ತಿಕೊಳ್ಳುವ ದನಿ

ಅರಿಶಿನ ಹಚ್ಚುವಾಗ ಅಮ್ಮ ಸೋಬಾನೆ ಹೇಳಿದರೆ ಚಿಕ್ಕಮ್ಮ ಎತ್ತಿಕೊಳ್ಳುತ್ತಿದ್ದರು. ನಮ್ಮ ಮನೆಗಳಲ್ಲಿ ಅದಕ್ಕೊಂದು ಕ್ರಮವಿತ್ತು. ಮುಂದೆ ಹೇಳುವವಳ ಸಾಲು ಮುಗಿಯುವ ಮೊದಲೇ, ಕೊನೆಯ ಪದದ ಮೇಲೆ, ಇನ್ನೊಬ್ಬಳು ಮೆಲ್ಲಗೆ ಸೇರಿಕೊಳ್ಳಬೇಕು. ಹಾಡು ಎಲ್ಲೂ ತುಂಡಾಗಬಾರದು. ಅಮ್ಮನದು ಬೀದಿಗೆಲ್ಲ ಕೇಳುವ ದನಿ. ಚಿಕ್ಕಮ್ಮನದು ಸಣ್ಣದು, ಆದರೆ ಅಮ್ಮ ಉಸಿರು ತೆಗೆದುಕೊಳ್ಳುತ್ತಿದ್ದದ್ದೇ ಅದರ ಭರವಸೆಯ ಮೇಲೆ.

ಒಂದು ಮದುವೆಯಲ್ಲಿ ಇಬ್ಬರೂ ಹಾಡಿದ್ದನ್ನು ಯಾರೋ ಕ್ಯಾಸೆಟ್ಟಿಗೆ ಹಿಡಿದಿದ್ದರು. ಅಮ್ಮ ಹೋದ ಮೇಲೆ ಅದು ಶಿವಮೊಗ್ಗದಲ್ಲಿರುವ ನನ್ನ ಕೈಗೆ ಬಂತು. ವಿನೋಬನಗರದ ನಮ್ಮ ರಸ್ತೆಯಲ್ಲಿ ಆಗ ಕಂಪ್ಯೂಟರ್ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ, ನನಗೆ ಕೊಂಬು ಬಂದಿತ್ತು. ಕ್ಯಾಸೆಟ್ಟನ್ನು ಎಂಪಿತ್ರೀ ಮಾಡಿ ಫೋನಿಗೆ ಹಾಕಿಕೊಳ್ಳಲು ಹೊರಟೆ. ಫೋನಿನ ಕಾರ್ಡಿನಲ್ಲಿ ಜಾಗ ಸಾಲಲಿಲ್ಲ. ಸಿನಿಮಾ ಹಾಡುಗಳನ್ನು ಅಳಿಸಲು ಮನಸ್ಸು ಬರಲಿಲ್ಲ, ಅಮ್ಮನ ಹಾಡುಗಳನ್ನೇ ತೀರಾ ಕೆಳಗಿನ ಗುಣಮಟ್ಟಕ್ಕೆ ಇಳಿಸಿ ತುರುಕಿದೆ.

ಜೋರು ದನಿಯ ಅಡಿಯಲ್ಲಿರುವ ಮೆಲುದನಿ ಹೇಗೂ ಮನುಷ್ಯರ ಕಿವಿಗೆ ಬೀಳುವುದಿಲ್ಲ ಎಂದು ಲೆಕ್ಕ ಹಾಕಿ ಅದನ್ನು ಬಿಟ್ಟುಬಿಡುವುದು ಎಂಪಿತ್ರೀಯ ಪದ್ಧತಿಯಂತೆ. ಜಾಗ ಕಡಿಮೆ ಕೊಟ್ಟಷ್ಟೂ ಹೆಚ್ಚು ಬಿಡುತ್ತದೆ. ಇದು ನನಗೆ ತಿಳಿದದ್ದು ಬಹಳ ತಡವಾಗಿ. ಅಂದು ಫೋನಿನಲ್ಲಿ ಮೊದಲ ಸಾಲು ಕೇಳಿ, ಅಮ್ಮ ಸಿಕ್ಕಳು, ಸಾಕು ಅಂದುಕೊಂಡು ಕಂಪ್ಯೂಟರಿನಲ್ಲಿದ್ದ ಪ್ರತಿಯನ್ನು ಅಳಿಸಿದೆ. ಮನೆಗೆ ಸುಣ್ಣ ಹೊಡೆಸುವಾಗ ಕ್ಯಾಸೆಟ್ಟು, ಟೇಪ್ ರೆಕಾರ್ಡರ್ ಎರಡನ್ನೂ ಗುಜರಿಗೆ ಹಾಕಿದೆ.

ಚಿಕ್ಕಮ್ಮ ಭದ್ರಾವತಿಯಲ್ಲಿದ್ದಾರೆ. ಗಂಟಲಿನ ಆಪರೇಷನ್ ಆದಮೇಲೆ ಅವರ ಮಾತೆಲ್ಲ ಪಿಸುಮಾತೇ. ಹೋದ ವರ್ಷ ಮೊಮ್ಮಗಳ ಮದುವೆ ಗೊತ್ತಾದಾಗ ಫೋನ್ ಮಾಡಿದರು.

"ಇವಳು ನನ್ನ ಹಾಡು ಕೇಳೇ ಇಲ್ಲ ಕಣೆ. ಅಕ್ಕ ನಾನು ಹಾಡಿದ್ದು ನಿನ್ನ ಹತ್ರ ಇದೆಯಲ್ಲ, ಅರಿಶಿನದ ದಿನ ತಗೊಂಡು ಬಾ ಮಾರಾಯ್ತಿ."

ದೊಡ್ಡ ಸ್ಪೀಕರಿಗೆ ಹಾಕಿದೆವು. ಅಮ್ಮನ ದನಿ ತಕ್ಕಮಟ್ಟಿಗೆ ಬಂತು. ಚಿಕ್ಕಮ್ಮ ಬರಬೇಕಾದ ಕಡೆಯೆಲ್ಲ ನಲ್ಲಿಯಲ್ಲಿ ನೀರು ನಿಲ್ಲುವಾಗಿನ ಗೊರಗೊರ.

"ಇದ್ರಲ್ಲಿ ನೀನೆಲ್ಲಿ ಅಜ್ಜಿ?" ಅಂದಳು ಮದುಮಗಳು.

ಚಿಕ್ಕಮ್ಮ ಸ್ಪೀಕರಿನ ಹತ್ತಿರ ಕೂತು ಇನ್ನೊಮ್ಮೆ ಹಾಕಿಸಿದರು. ನೆಂಟರೆಲ್ಲ ನನ್ನ ಮುಖ ನೋಡುತ್ತಿದ್ದರು. "ಕ್ಯಾಸೆಟ್ಟೇ ಹಾಳಾಗಿತ್ತು ಚಿಕ್ಕಮ್ಮ" ಎಂದು ಸುಳ್ಳು ಹೇಳಿದೆ.

"ಅಕ್ಕನ ದನಿ ಸರಿಯಾಗೇ ಇದೆಯಲ್ಲ" ಅಂದರು ಅವರು. "ನಾನೇ ಎತ್ಕೊಂಡಿಲ್ಲ. ಪಾಪ, ಅಷ್ಟು ಜನರ ಮುಂದೆ ಅವಳೊಬ್ಬಳೇ ಹಾಡಿದ್ದಾಳೆ."

ಆಗಲೂ ನಿಜ ಹೇಳಲು ಮರ್ಯಾದೆ ಅಡ್ಡ ಬಂತು. ಆಮೇಲೆ ಊಟ ಬಡಿಸುವಾಗ, ಹೂವು ಹಂಚುವಾಗ, ಅವರ ಕಣ್ಣು ತಪ್ಪಿಸಿಕೊಂಡೇ ಓಡಾಡಿದೆ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ತಿಂಗಳುಗಟ್ಟಲೆ ತಡೆದುಕೊಂಡು, ಮೊನ್ನೆ ಬಸ್ಸು ಹತ್ತಿ ಹೋಗಿ ಎಲ್ಲ ಒಪ್ಪಿಕೊಂಡೆ. ಸಿನಿಮಾ ಹಾಡುಗಳ ವಿಷಯವನ್ನೂ ಮುಚ್ಚಿಡಲಿಲ್ಲ. ಬೈಯಲಿ ಎಂದು ಕಾದೆ. ಚಿಕ್ಕಮ್ಮ ಬೈಯಲಿಲ್ಲ, ನನ್ನ ಕೈ ಹಿಡಿದುಕೊಂಡರು.

"ಹಾಗಾದ್ರೆ ನಾನು ಹಾಡಿದ್ದೆ ಅಲ್ವೇನೆ? ಕ್ಯಾಸೆಟ್ಟಲ್ಲಿ ನೀನು ಕೇಳಿದ್ದೀಯಲ್ಲ?"

"ಕೇಳಿದ್ದೀನಿ ಚಿಕ್ಕಮ್ಮ" ಅಂದೆ.

ಕ್ಯಾಸೆಟ್ಟನ್ನು ನಾನು ಹಾಕಿದ್ದು ಒಂದೇ ಸಲ. ಅದು ಕಂಪ್ಯೂಟರಿಗೆ ಇಳಿಯುತ್ತಿದ್ದಷ್ಟು ಹೊತ್ತೂ ನಾನು ಪಕ್ಕದ ಕೋಣೆಯಲ್ಲಿ ಟಿವಿ ನೋಡುತ್ತಿದ್ದೆ.