ಇಂದ್ರಾಬಾಯಿ ಗಾಳಿ ಬಿಟ್ಟ ಕಾರು

ಮುಲುಂಡಿನ ಒಂದು ಬಿಲ್ಡಿಂಗಿನಲ್ಲಿ ಇಂದ್ರಾಬಾಯಿ ಒಂಬತ್ತು ವರ್ಷ ಕಾರು ತೊಳೆದಳು. ಬೀದರ ಕಡೆಯವಳು. ಗಂಡ ಬಂಡೆಪ್ಪ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಅವನಿಗೆ ಊಟದ ಡಬ್ಬಿ ಒಯ್ದು ಕೂತಲ್ಲೇ ಅವಳೂ ಗಾಡಿಯ ಒಳಹೊರಗು ಅರಿತಿದ್ದಳು. ಮೂರನೇ ಮಹಡಿಯ ರಮಾನಾಥರಿಗೆ ಅವಳನ್ನು ಕಂಡರಾಗುತ್ತಿರಲಿಲ್ಲ. ಮಾಟುಂಗದಲ್ಲಿ ಹೋಟೆಲು ನಡೆಸುವ ಅವರು, ಗ್ಯಾರೇಜಿನವರೆಲ್ಲ ಕಳ್ಳರೆಂದು ಕಾರಿನ ರಿಪೇರಿ ತಾವೇ ಮಾಡಿಕೊಳ್ಳುತ್ತಿದ್ದರು.

ಒಂದು ಭಾನುವಾರ ಅವರು ಕಾಂಪೌಂಡಿನಲ್ಲಿ ಜಾಕ್ ಹಾಕಿ, ಫೋನಿನಲ್ಲಿ ವೀಡಿಯೊ ನೋಡುತ್ತ ಮುಂದಿನ ಚಕ್ರದ ಬ್ರೇಕ್ ಪ್ಯಾಡ್ ಬದಲಿಸುತ್ತಿದ್ದರು. ಪ್ಯಾಡ್ ಹಿಡಿದಿಡುವ ಭಾರದ ಕ್ಯಾಲಿಪರನ್ನು ಬಿಚ್ಚಿ, ಬ್ರೇಕ್ ಎಣ್ಣೆ ಹರಿಯುವ ರಬ್ಬರ್ ಪೈಪಿನಲ್ಲೇ ಜೋತುಬಿಟ್ಟಿದ್ದರು.

“ಸಾಬ್, ಪೈಪಿನ ಮ್ಯಾಲ ಭಾರ ಬಿಡಬ್ಯಾಡ್ರಿ. ತಂತಿಲೆ ಮ್ಯಾಲ ಕಟ್ರಿ,” ಎಂದಳು ಇಂದ್ರಾಬಾಯಿ.

“ನೀನು ಬಾಲ್ದಿ ಹಿಡಿ. ನನಗೆ ಕಲಿಸ್ಲಿಕ್ಕೆ ಬರ್ಬೇಡ.”

ಬುಧವಾರ ತೊಳೆಯುವಾಗ ಅದೇ ಚಕ್ರದ ಒಳಮೈ ಜಿಡ್ಡುಜಿಡ್ಡಾಗಿ ಒದ್ದೆಯಾಗಿತ್ತು. ಬ್ರೇಕ್ ಎಣ್ಣೆ ಸೋರುತ್ತಿದೆ ಎಂದು ಹೇಳಿದ್ದಕ್ಕೆ ರಮಾನಾಥರು ನಕ್ಕರು. “ಗಂಡನ ಗ್ಯಾರೇಜಿಗೆ ಗಿರಾಕಿ ಬೇಕಾ ನಿನಗೆ?”

ಆ ಮಾತು ಅವಳ ಎದೆಗೆ ನಾಟಿತು. ಹಾಳಾಗಿ ಹೋಗಲಿ ಎಂದುಕೊಂಡಳು. ಆದರೆ ಅವರ ಮಗಳು ಶ್ರಾವ್ಯಾ ಮರುದಿನ ಬೆಳಿಗ್ಗೆ ಕಾರು ಒಯ್ಯುತ್ತಾಳೆಂದು ವಾಚ್‌ಮನ್ ಹೇಳಿದ. ಇಂದ್ರಾಬಾಯಿ ಕೂತು ಎರಡು ಟೈರಿನ ಗಾಳಿ ಬಿಟ್ಟಳು. ಕ್ಯಾಮೆರಾ ಇದೆಯೆಂದು ಅವಳಿಗೆ ಗೊತ್ತಿತ್ತು.

ಬೆಳಿಗ್ಗೆ ಕ್ಯಾಮೆರಾದಲ್ಲಿ ಅದನ್ನು ನೋಡಿದ ರಮಾನಾಥರು ಬಿಲ್ಡಿಂಗಿನ ಕಮಿಟಿಯವರನ್ನೆಲ್ಲ ಕೆಳಗೆ ಕರೆಸಿದರು. “ಹೌದು, ನಾನೇ ಬಿಟ್ಟೀನಿ. ಬ್ರೇಕ್ ಹತ್ತಂಗಿಲ್ಲ,” ಎಂದಳು ಅವಳು. ಸುಳ್ಳೆಂದು ತೋರಿಸಲು ಅವರು ಗಾಳಿ ತುಂಬಿಸಿ ತಾವೇ ಕಾರು ಹತ್ತಿದರು. ಗೇಟಿನ ಹತ್ತಿರ ಒತ್ತಿದ ಬ್ರೇಕ್ ಪೆಡಲ್ ನೆಲಕ್ಕೆ ಹೋಯಿತು. ಕಾರು ಮೆಲ್ಲಗೆ ಹೋಗಿ ಗೋಡೆಗೆ ಗುದ್ದಿ ನಿಂತಿತು.

ಇಳಿದವರೇ, “ಇವಳೇ ಪೈಪ್ ಕೊಯ್ದದ್ದು,” ಎಂದರು.

ಸಂಜೆ ಬೇರೆ ಗ್ಯಾರೇಜಿನಿಂದ ಬಂದ ಮೆಕ್ಯಾನಿಕ್ ಪೈಪ್ ಬಿಚ್ಚಿ ತೋರಿಸಿದ: ಕೊಯ್ದದ್ದಲ್ಲ, ಭಾರಕ್ಕೆ ಜಗ್ಗಿ ಬುಡದಲ್ಲಿ ಸೀಳಿದ್ದು. ರಮಾನಾಥರು ಮೇಲೆ ಹೋದರು. ಅಷ್ಟರೊಳಗೆ ಕಮಿಟಿ ಇಂದ್ರಾಬಾಯಿಯನ್ನು ಕೆಲಸದಿಂದ ತೆಗೆದಿತ್ತು.

ವಾರದ ಮೇಲೆ, ಎದುರು ಬಿಲ್ಡಿಂಗಿನಲ್ಲಿ ಕಾರು ಒರೆಸುತ್ತಿದ್ದ ಅವಳ ಬಳಿ ಶ್ರಾವ್ಯಾ ಬಂದಳು. “ಆಂಟಿ, ಪಪ್ಪಾ ವಾಪಸ್ ಬರಕ್ಕೆ ಹೇಳಿದ್ರು. ಟೈರ್ ಗಾಳಿ ಬಿಟ್ಟಿದ್ದಕ್ಕೆ ‘ಸಾರಿ’ ಬೋಲ್ ದೋ, ಬಸ್, ಅಷ್ಟು ಹೇಳಿದ್ರೆ ಸಾಕಂತೆ.”

“ನಿನ್ನ ಮ್ಯಾಲ ನನಗ ಸಿಟ್ಟಿಲ್ಲ. ನಿಮ್ಮಪ್ಪನ ಗಾಡಿಗಿ ಮಾತ್ರ ಇನ್ನ ಕೈ ಹಚ್ಚಂಗಿಲ್ಲ. ಹೋಗಿ ಹೇಳು.”

ಶ್ರಾವ್ಯಾ ಹೊರಟಳು. ಇಂದ್ರಾಬಾಯಿ ಮುಂದಿನ ಕಾರಿಗೆ ನೀರು ಹೊಯ್ದಳು.